ನಿಮಗೆ ಸಂಬಂಧವಿಲ್ಲದ ಕುರ್ಚಿ

ಕಾಲೇಜಿನ ಗ್ರಂಥಾಲಯದಿಂದ
ಮಾರ್ಚ್ 4, ಬುಧವಾರ, ಊಟದ ಬಿಡುವಿನಲ್ಲಿ

ನನ್ನ ಅತ್ತೆಯವರ ಒಬ್ಬನೇ ಮಗನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನಾನು ಫೋನು ಮಾಡಿದಾಗಲೆಲ್ಲ ನಿಮ್ಮ ಕಚೇರಿಯ ಹುಡುಗಿ, ಸಾರ್ ಚೆನ್ನಾಗಿದ್ದಾರೆ ಮೇಡಂ, ಮೀಟಿಂಗ್‌ನಲ್ಲಿದ್ದಾರೆ ಅಷ್ಟೇ ಎಂದು ತಾನಾಗಿಯೇ ವರದಿ ಒಪ್ಪಿಸುತ್ತಾಳೆ. ಹೋದ ವಾರ ಅವಳ ಹಿಂದೆಯೇ ನಿಮ್ಮ ಕೆಮ್ಮು ಕೇಳಿಸಿತು. ವರ್ಷಗಟ್ಟಲೆ ಪಕ್ಕದಲ್ಲಿ ಮಲಗಿ ಕೇಳಿದ ಕೆಮ್ಮು, ನನಗೆ ಗುರುತು ಸಿಗುವುದಿಲ್ಲವೇ? ಅದಕ್ಕೇ ಈ ಪತ್ರ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಸಿಗಲಿಲ್ಲ ಅನ್ನುವ ಹಾಗಿಲ್ಲ, ನಿಮ್ಮ ಸಹಿ ನನಗೆ ವಾಪಸು ಬರುತ್ತದೆ.

ಹಿಂದೆ ನಿಮ್ಮನ್ನು ನೀನು ಎನ್ನುತ್ತಿದ್ದೆ. ಈಗ ಬಹುವಚನಕ್ಕೆ ಏರಿಸಿದ್ದು ಗೌರವ ಹೆಚ್ಚಾಗಿ ಅಲ್ಲ. ಬ್ಯಾಂಕಿನವರ ಜತೆ ತಿಂಗಳಿಡೀ ಮಾತಾಡಿ ನಾಲಿಗೆ ಹಾಗೆ ಒಗ್ಗಿಹೋಗಿದೆ. ಅವರ ಭಾಷೆಯಲ್ಲಿ ನೀವು ಪ್ರಧಾನ ಕಾರ್ಡುದಾರರು, ನಾನು ಹೆಚ್ಚುವರಿ ಕಾರ್ಡುದಾರಳು. ಹೆಚ್ಚುವರಿಗೆ ದೂರು ಕೊಡುವ ಹಕ್ಕಿಲ್ಲವಂತೆ. ಖರ್ಚು ಮಾಡಬಹುದು, ಮೋಸ ಹೋಗಬಹುದು, ಕೂಗಾಡಬಾರದು. ನಮ್ಮ ಸಂಸಾರದ ನಿಯಮವನ್ನು ಇವರಿಗೆ ಯಾರು ಹೇಳಿಕೊಟ್ಟರೋ.

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲ ಎಂದಲ್ಲ, ಗೊತ್ತಿರಲಿಲ್ಲ ಎಂದು ನಾಳೆ ನೀವು ಹೇಳಬಾರದು ಎಂದು.

ಸೊಂಟದ ಮೂಳೆ ಮುರಿದ ಮೇಲೆ ನಿಮ್ಮ ತಾಯಿ ಊರುಗೋಲು ಹಿಡಿದು ಅಡುಗೆಮನೆಯಿಂದ ಬಾಗಿಲವರೆಗೆ ನಡೆಯಬಲ್ಲರು, ಅಷ್ಟೇ. ಹೊರಗೆ ಹೋಗಬೇಕೆಂದರೆ ನಾನು ಕಾಲೇಜು ಮುಗಿಸಿ ಬರುವವರೆಗೆ ಕಾಯಬೇಕು. ಬೀದಿಯ ಕೊನೆಯ ಪಾರ್ಕಿನಲ್ಲಿ ಒಬ್ಬ ನಿವೃತ್ತ ದಂತವೈದ್ಯರು ಮತ್ತು ಅಕ್ಕತಂಗಿಯರಿಬ್ಬರು ದಿನಾ ಬೆಳಗ್ಗೆ ಇಸ್ಪೀಟಾಡುತ್ತಾರೆ. ಅವರಿಗೆ ನಾಲ್ಕನೇ ಕೈ ಬೇಕು. ನಿಮ್ಮ ತಾಯಿಗೆ ಅಲ್ಲಿಗೆ ಹೋಗಬೇಕು, ಯಾರನ್ನೂ ಕಾಯದೆ, ಯಾರಿಂದಲೂ ತಳ್ಳಿಸಿಕೊಳ್ಳದೆ. ಅದಕ್ಕೆ ಕರೆಂಟಿನ ಗಾಲಿಕುರ್ಚಿ ಬೇಕಿತ್ತು. ಡಿಸೆಂಬರ್‌ನಲ್ಲಿ ಕೊಂಡೆ.

ಅಂಗಡಿ ಆಸ್ಪತ್ರೆಯ ಎದುರಿನದು. ಗಾಜಿನೊಳಗೆ ಕೃತಕ ಕಾಲುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಮಾಲೀಕನ ಮಾತು ಬಲು ಮಧುರ. ಹೊಸ ಮಾಡೆಲ್ಲು ಮೇಡಂ, ಪೆಟ್ಟಿಗೆ ಒಡೆದಿಲ್ಲ, ನಗದು ಕೊಟ್ರೆ ರೇಟಲ್ಲಿ ಸ್ವಲ್ಪ ಬಿಡ್ತೀನಿ, ಕಾರ್ಡೆಲ್ಲ ಯಾಕೆ, ನಾವು ಮನೆಯವರಿದ್ದ ಹಾಗೆ ಎಂದ. ಮನೆಯವರ ಅನುಭವ ನನಗೆ ಸಾಕಷ್ಟಿದೆ, ಆದ್ದರಿಂದ ಕಾರ್ಡನ್ನೇ ಕೊಟ್ಟೆ. ಕಾರ್ಡಿನ ಜತೆ ಬರುವ ಸಣ್ಣ ಅಕ್ಷರದ ಪುಸ್ತಿಕೆಯನ್ನು ಯಾರೂ ಓದುವುದಿಲ್ಲ, ನಾನು ಓದಿದ್ದೇನೆ. ನಗದು ಕೊಟ್ಟರೆ ಹೋಯಿತು, ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಬಿದ್ದ ನೋಟಿಗೆ ನಾನು ಯಾರೆಂದು ಗೊತ್ತಿಲ್ಲ. ಕಾರ್ಡಿನಲ್ಲಿ ಕೊಟ್ಟಿದ್ದರೆ, ವಸ್ತು ಬರದಿದ್ದಾಗ, ಹೇಳಿದಂತೆ ಇಲ್ಲದಿದ್ದಾಗ, ಅಂಗಡಿಯವನು ಕೈಯೆತ್ತಿದಾಗ, ಕೊಂಡವರ ಪರವಾಗಿ ಬ್ಯಾಂಕೇ ನಿಂತು ಅವನ ಬ್ಯಾಂಕಿನಿಂದ ಹಣ ವಾಪಸು ಎಳೆಯುತ್ತದೆ. ಸಾಲದ ಕಾರ್ಡನ್ನು ಬೈಯುವವರು ಈ ಒಂದು ಗುಣವನ್ನು ಹೇಳುವುದೇ ಇಲ್ಲ.

ಕುರ್ಚಿ ಎರಡು ವಾರ ಓಡಿತು. ಮೂರನೇ ವಾರ ಪಾರ್ಕಿಗೆ ಹೋಗುವ ದಾರಿಯಲ್ಲಿ, ದೊಡ್ಡ ರಸ್ತೆ ದಾಟುವ ಬಿಳಿ ಪಟ್ಟೆಗಳ ಮಧ್ಯದಲ್ಲೇ ನಿಂತುಬಿಟ್ಟಿತು. ಸಿಗ್ನಲ್ ಬದಲಾಯಿತು. ನಿಮ್ಮ ತಾಯಿ ರಸ್ತೆಯ ನಡುವೆ, ಎರಡೂ ಕಡೆ ಹಾರ್ನು. ಕೊನೆಗೆ ಒಬ್ಬ ಬಸ್ ಡ್ರೈವರ್ ಇಳಿದು ಬಂದು, ಏನಜ್ಜಿ, ನಡುರಸ್ತೆಯಲ್ಲಿ ನಿದ್ದೆ ಮಾಡ್ತಿದ್ದೀರಾ ಎಂದನಂತೆ. ನಿದ್ದೆ ಮಾಡ್ತಿರೋದು ಕುರ್ಚಿ, ನಾನು ಎದ್ದೇ ಇದ್ದೀನಿ, ಮಾತು ಸಾಕು ತಳ್ಳಪ್ಪ ಎಂದರಂತೆ ಇವರು. ಮನೆಗೆ ಬಂದು ಇದನ್ನು ನಗುನಗುತ್ತಾ ಹೇಳಿದರು. ಹೇಳಿ ಮುಗಿಸಿ ಎರಡು ಲೋಟ ನೀರು ಕುಡಿದರು.

ನಮ್ಮ ಕಟ್ಟಡದ ಕೆಳಗೆ ಸ್ಕೂಟರ್ ರಿಪೇರಿ ಮಾಡುವವನು ಕುರ್ಚಿಯನ್ನು ಬಿಚ್ಚಿದ. ಹೊಸ ರೆಕ್ಸಿನ್ ಕೆಳಗೆ ಹಳೆಯ ರೆಕ್ಸಿನ್, ಅದರಲ್ಲಿ ಸಿಗರೇಟಿನಿಂದ ಸುಟ್ಟ ತೂತು. ಮೋಟಾರಿನ ಸಂದಿಯಲ್ಲಿ ಯಾರದೋ ತಲೆಪಿನ್ನು. ಅಕ್ಕ, ಈ ಕುರ್ಚಿ ನಿಮ್ಮನೆಗೆ ಬರೋ ಮುಂಚೆ ಎರಡು ಮನೆ ನೋಡಿದೆ ಎಂದ. ಅಂಗಡಿಗೆ ಹೋದೆವು, ಆಟೋದಲ್ಲಿ, ನಿಮ್ಮ ತಾಯಿಯನ್ನೂ ಕರೆದುಕೊಂಡು. ಮಾಲೀಕನ ಮಾಧುರ್ಯ ಒಣಗಿಹೋಗಿತ್ತು. ಕುರ್ಚಿಯಲ್ಲೇನೂ ದೋಷ ಇಲ್ಲ, ಕೂರೋರು ಭಾರ ಎಂದ. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ತಾಯಿ, ಭಾರ ಅಂತ ನನ್ನ ಮಗನೇ ಇದುವರೆಗೂ ಬಾಯಿಬಿಟ್ಟು ಹೇಳಿಲ್ಲ, ನೀನು ಯಾವೂರ ದೊಡ್ಡಮನುಷ್ಯನಪ್ಪ ಎಂದು ಕೇಳಿದರು. ಅಂಗಡಿಯ ಕೆಲಸದವರೆಲ್ಲ ನಕ್ಕರು. ಹಣ ಮಾತ್ರ ಬರಲಿಲ್ಲ.

ಬ್ಯಾಂಕಿಗೆ ಫೋನು ಮಾಡಿದೆ. ದೂರು ವಿಭಾಗದ ಹುಡುಗಿ ಎಲ್ಲವನ್ನೂ ಕೇಳಿ, ಇದು ಖಂಡಿತ ನಿಲ್ಲೋ ಕೇಸು ಮೇಡಂ, ಫೋಟೋ ಇದೆ, ಬಿಲ್ಲಲ್ಲಿ ಹೊಸದು ಅಂತ ಬರೆದಿದ್ದಾರೆ, ಆದ್ರೆ ನೀವು ಹೆಚ್ಚುವರಿ, ಪ್ರಧಾನ ಕಾರ್ಡುದಾರರು ದೂರು ಕೊಡ್ಬೇಕು ಎಂದಳು. ನಿಮಗೆ ಫೋಟೋ ಕಳಿಸಿದೆ. ಬಿಲ್ಲು ಕಳಿಸಿದೆ. ಬ್ಯಾಂಕಿನವರು ದೂರಿನ ಅರ್ಜಿಯಲ್ಲಿ ಎರಡು ಚೌಕ ಕೊಡುತ್ತಾರೆ, ಎರಡನೆಯದನ್ನು ಒತ್ತಿ ಎಂದು ಸ್ಪಷ್ಟವಾಗಿ ಬರೆದೆ. ಮೊದಲನೆಯ ಚೌಕ: ಈ ಖರೀದಿ ನನ್ನ ಒಪ್ಪಿಗೆಯಿಂದ ಆದದ್ದಲ್ಲ. ಎರಡನೆಯದು: ಖರೀದಿ ನಮ್ಮದೇ, ವಸ್ತು ಹೇಳಿದಂತೆ ಇಲ್ಲ. ಒಂದು ಖರೀದಿಗೆ ಒಂದೇ ದೂರು, ತಪ್ಪು ಚೌಕ ಒತ್ತಿದರೆ ಅಲ್ಲಿಗೆ ಮುಗಿಯಿತು ಎಂದೂ ಬರೆದೆ. ನಿಮ್ಮಿಂದ ಬಂದ ಉತ್ತರ ಒಂದೇ ಪದ. ನೋಡ್ತೀನಿ.

ನೋಡಿದಿರಿ. ಮೊದಲನೆಯದನ್ನೇ ಒತ್ತಿದಿರಿ.

ನನಗೆ ತಿಳಿದದ್ದು ಕಾರ್ಡು ಸತ್ತ ಮೇಲೆ. ಬ್ಯಾಂಕಿನಿಂದ ನೋಟೀಸು ಬಂತು, ಅನಧಿಕೃತ ಬಳಕೆಯ ವಿಚಾರಣೆ ನಡೆಯುತ್ತಿದೆ ಎಂದು. ಅದೇ ಹುಡುಗಿಗೆ ಫೋನು ಮಾಡಿದರೆ ಅವಳ ದನಿಯೇ ಬದಲಾಗಿತ್ತು. ಮೊನ್ನೆ ಮೇಡಂ ಆಗಿದ್ದ ನಾನು ಅಂದು ಸಂಬಂಧಪಟ್ಟ ವ್ಯಕ್ತಿ ಆಗಿದ್ದೆ. ನೀವು ಕೊಟ್ಟ ಹೇಳಿಕೆಯನ್ನು ಓದಿ ಹೇಳಿದಳು. ಈ ವಸ್ತುವಿಗೂ ನನಗೂ ಯಾವ ಸಂಬಂಧವೂ ಇಲ್ಲ. ಸುಂದರ ವಾಕ್ಯ. ನಿಮ್ಮ ಕಚೇರಿಯಿಂದ ಹೊರಡುವ ಕಾಗದಗಳ ಧಾಟಿಯೇ.

ಈಗ ಆಗುವುದೇನು ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಕಾರ್ಡು ಅಸಲಿ, ಗುಪ್ತಸಂಖ್ಯೆ ಸರಿ, ನಿಮ್ಮ ಹೆಸರಿನಲ್ಲೇ ನನಗೆ ಕೊಟ್ಟ ಕಾರ್ಡು. ಆದ್ದರಿಂದ ಕಳವಿನ ದೂರು ಬಿದ್ದುಹೋಗುತ್ತದೆ. ಅದರ ಜತೆಗೆ ನಮ್ಮ ನಿಜವಾದ ದೂರೂ ಬೀಳುತ್ತದೆ. ಅಂಗಡಿಯವನು ಹಣವನ್ನು ಇಟ್ಟುಕೊಂಡು ಅದೇ ಕುರ್ಚಿಯಂಥ ಇನ್ನೊಂದಕ್ಕೆ ಹೊಸ ರೆಕ್ಸಿನ್ ಹೊಲಿಸುತ್ತಾನೆ.

ಇದು ತಿಳಿಯದೆ ಆದ ತಪ್ಪು ಎಂದು ನಿಮ್ಮ ತಂಗಿ ಫೋನು ಮಾಡಿ ಸಮಾಧಾನ ಹೇಳಿದಳು. ಅಣ್ಣಂಗೆ ಕೆಲಸದ ಒತ್ತಡ ಅತ್ತಿಗೆ, ಯಾವುದೋ ಒಂದು ಒತ್ತಿರ್ತಾನೆ, ಮನೆ ವಿಷಯ ಬ್ಯಾಂಕಿನವರೆಗೂ ಯಾಕೆ ಎಳೆದ್ರಿ ಎಂದಳು. ಎಳೆದದ್ದು ನಾನೋ ಅವನೋ ಎಂದು ಕೇಳಿದೆ. ಒಲೆ ಮೇಲೆ ಏನೋ ಇದೆ ಎಂದು ಫೋನಿಟ್ಟಳು. ನಿಮ್ಮ ಮನೆಯವರ ಒಲೆಯ ಮೇಲೆ ಸರಿಯಾದ ಹೊತ್ತಿಗೆ ಏನಾದರೂ ಉಕ್ಕುತ್ತಲೇ ಇರುತ್ತದೆ.

ತಿಳಿಯದೆ ಅಂತೆ! ವಿಮಾ ಕಂಪನಿಯಲ್ಲಿ ಜನರ ಪರಿಹಾರದ ಅರ್ಜಿಗಳನ್ನು ತಿರಸ್ಕರಿಸುವುದೇ ನಿಮ್ಮ ಹೊಟ್ಟೆಪಾಡು. ತಪ್ಪು ಚೌಕ ಒತ್ತಿದವರ ಗತಿ ಏನಾಗುತ್ತದೆ ಎಂದು ಊಟಕ್ಕೆ ಕೂತಾಗ ನೀವೇ ಹೇಳಿ ನಗುತ್ತಿದ್ದಿರಿ. ಮನೆಗೆ ಬೆಂಕಿ ಬಿದ್ದವನೊಬ್ಬ ಬೆಂಕಿ ಎಂಬ ಚೌಕ ಬಿಟ್ಟು ಇತರೆ ಎಂಬುದಕ್ಕೆ ಗುರುತು ಹಾಕಿದ್ದ ಎಂದು ಅವನ ಅರ್ಜಿಯನ್ನು ವಾಪಸು ಕಳಿಸಿದ ದಿನ ನೀವು ನಮಗೆಲ್ಲ ಐಸ್‌ಕ್ರೀಮ್ ತಂದಿದ್ದಿರಿ. ನಾನು ತಿನ್ನಲಿಲ್ಲ, ನೆನಪಿದೆಯೇ? ನನಗಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಆ ಚೌಕ ಒತ್ತಿದ್ದೀರಿ. ಎರಡನೆಯದನ್ನು ಒತ್ತಿದ್ದರೆ, ಯಾರಿಗಾಗಿ ಕೊಂಡದ್ದು, ಏನಾಯಿತು, ಕುರ್ಚಿ ನಿಂತಾಗ ನೀವೆಲ್ಲಿದ್ದಿರಿ ಎಂದು ನಾಲ್ಕು ಸಾಲು ಬರೆಯಬೇಕಿತ್ತು. ಮೊದಲನೆಯದಕ್ಕೆ ಏನೂ ಬರೆಯಬೇಕಾಗಿಲ್ಲ. ಕೈ ತೊಳೆದುಕೊಂಡರೆ ಆಯಿತು.

ಕೈ ತೊಳೆಯುವುದು ನಿಮಗೆ ಹೊಸದಲ್ಲ. ಸೊಂಟದ ಆಪರೇಷನ್ನಿನ ದಿನ ಸರ್ಜನ್ ಒಪ್ಪಿಗೆಪತ್ರ ತಂದು, ಯಾರು ಸಹಿ ಹಾಕ್ತೀರಿ ಎಂದು ಕೇಳಿದರು. ನೀವು ಕಾರು ಸರಿಯಾಗಿ ನಿಲ್ಲಿಸಿ ಬರುತ್ತೇನೆ ಎಂದು ಹೊರಟಿರಿ. ಆ ಆಸ್ಪತ್ರೆಯ ಪಾರ್ಕಿಂಗ್ ಎಷ್ಟು ದೊಡ್ಡದಿರಬಹುದು! ನೀವು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಮೂಳೆಗೆ ಸ್ಕ್ರೂ ಹಾಕಿ, ಹೊಲಿದು, ವಾರ್ಡಿಗೆ ತಂದಾಗಿತ್ತು. ಸಂಬಂಧ ಎಂಬ ಜಾಗದಲ್ಲಿ ಸೊಸೆ ಎಂದು ಬರೆದು ನಾನು ಸಹಿ ಹಾಕಿದ್ದೆ. ಮುಂದಿನ ವರ್ಷ ನೀವು ಮನೆ ಬಿಟ್ಟಿರಿ. ನೆಮ್ಮದಿ ಬೇಕು ಎಂದಿರಿ. ಅಮ್ಮ, ನೀನೂ ಬಾ ಎಂದು ಬಾಗಿಲಲ್ಲಿ ನಿಂತು ಕರೆದಿರಿ ಕೂಡ. ಎರಡು ಸೂಟ್‌ಕೇಸು ಆಗಲೇ ಕಾರಿನಲ್ಲಿದ್ದವು, ಹಿಂದಿನ ಸೀಟಿನ ತುಂಬ ನಿಮ್ಮ ಪುಸ್ತಕಗಳಿದ್ದವು. ಅವರು ಕೂರಲು ಜಾಗವನ್ನೇ ಬಿಟ್ಟಿರಲಿಲ್ಲ. ನಿಮ್ಮ ತಾಯಿ ಕಿಟಕಿಯಿಂದ ಅದನ್ನು ನೋಡಿಯೇ, ನಾನಿಲ್ಲೇ ಇರ್ತೀನಿ ಕಣೋ, ನಿನಗ್ಯಾಕೆ ತೊಂದರೆ ಎಂದರು.

ಅಂದು ಮೇಜಿನ ಮೇಲೆ ಈ ಕಾರ್ಡು ಇಟ್ಟು ಹೋದಿರಿ. ಅಮ್ಮನಿಗೆ ಏನು ಬೇಕಾದ್ರೂ ಇದರಲ್ಲಿ ತಗೋ ಎಂದಿರಿ. ನಿಮ್ಮ ಬಾಯಿಂದ ಬಂದ ಮಾತು ಅದು. ಒಪ್ಪಿಗೆ ಎಂದರೆ ಇನ್ನೇನು? ಆರು ವರ್ಷ ನಾನು ಅದನ್ನು ಮುಟ್ಟಲಿಲ್ಲ. ಅವಧಿ ಮುಗಿದು ಹೊಸದು ಬಂತು, ಅದನ್ನೂ ಡ್ರಾಯರಿನಲ್ಲಿಟ್ಟೆ. ಔಷಧ, ಡಾಕ್ಟರು, ಕನ್ನಡಕ, ಎಲ್ಲ ನನ್ನ ಸಂಬಳದಲ್ಲೇ ಆಯಿತು. ಇದನ್ನು ಹಂಗಿಸಲು ಹೇಳುತ್ತಿಲ್ಲ. ಇಲ್ಲ, ಹಂಗಿಸಲೆಂದೇ ಹೇಳುತ್ತಿದ್ದೇನೆ.

ಮತ್ತೆ ಕುರ್ಚಿಗೆ ಮಾತ್ರ ನಿಮ್ಮ ಕಾರ್ಡೇಕೆ ಎಂದು ನೀವು ಕೇಳಬಹುದು. ನನ್ನದೇ ಬೇರೆ ಕಾರ್ಡಿದೆ, ಅದರ ಮಿತಿ ಕಡಿಮೆ ಎಂದು ಬ್ಯಾಂಕಿನವರಿಗೆ ಹೇಳಿದ್ದೇನೆ. ಅದು ಸುಳ್ಳು. ಮಿತಿ ಸಾಕಷ್ಟಿತ್ತು.

ನಿಮ್ಮ ತಾಯಿ ಕೇಳುತ್ತಲೇ ಇದ್ದರು. ಫೋನು ಬಂದಿತ್ತಾ ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವನು ಏನಾದ್ರೂ ಕಳಿಸಿದ್ನಾ ಎಂದು ಮಾತ್ರ ಆಗಾಗ, ತರಕಾರಿ ಹೆಚ್ಚುತ್ತಾ, ತಲೆಯೆತ್ತದೆ ಕೇಳುತ್ತಿದ್ದರು. ಕುರ್ಚಿ ಮನೆಗೆ ಬಂದ ದಿನ ನಾನು, ನಿಮ್ಮ ಮಗ ಕೊಡಿಸಿದ್ದು ಎಂದೆ. ಬಿಲ್ಲಿನಲ್ಲಿ ನಿಮ್ಮ ಖಾತೆಯ ಹೆಸರು ಇರಬೇಕಿತ್ತು, ಅವರು ಕನ್ನಡಕ ಹಾಕಿಕೊಂಡು ಓದುತ್ತಾರೆ ಎಂದು ನನಗೆ ಗೊತ್ತಿತ್ತು. ಓದಿದರು. ಬಿಲ್ಲನ್ನು ಮಡಿಚಿ ದಿಂಬಿನ ಕೆಳಗೆ ಇಟ್ಟುಕೊಂಡರು. ಮರುದಿನ ಪಾರ್ಕಿನಲ್ಲಿ ನಾಲ್ಕು ಜನಕ್ಕೆ ಕೇಳಿಸುವ ಹಾಗೆ, ಮಗ ಕೊಡಿಸಿದ್ದು, ಬೇಡ ಅಂದ್ರೂ ಕೇಳಲ್ಲ ಎಂದರು. ದಂತವೈದ್ಯರು ಆ ದಿನ ಆಟದಲ್ಲಿ ಮೋಸ ಮಾಡುವುದನ್ನೂ ಮರೆತು ಕುರ್ಚಿಯ ಸುತ್ತ ಒಂದು ಸುತ್ತು ಬಂದರಂತೆ.

ನೀವು ಕಷ್ಟಪಟ್ಟು ದುಡಿದ ಹಣದ ಚಿಂತೆ ಬೇಡ. ಜನವರಿಯಲ್ಲಿ ನಿಮ್ಮ ಖಾತೆಗೆ ಕುರ್ಚಿಯ ಬೆಲೆಯ ಮೂರನೇ ಒಂದು ಪಾಲು ಬಂದು ಬಿದ್ದಿತಲ್ಲ, ಫೆಬ್ರವರಿಯಲ್ಲಿ ಇನ್ನೊಂದು ಪಾಲು, ಅದು ಬೋನಸ್ಸು ಎಂದುಕೊಂಡಿರಾ? ನಾನು ಕಟ್ಟಿದ್ದು. ಕುರ್ಚಿ ನನ್ನದೇ. ನಿಮ್ಮಿಂದ ನಾನು ತೆಗೆದುಕೊಂಡದ್ದು ಹೆಸರು ಮಾತ್ರ. ಅದನ್ನೂ ಕಳವು ಎಂದು ಬ್ಯಾಂಕಿಗೆ ಬರೆದುಕೊಟ್ಟಿರಿ.

ಎರಡನೇ ಕುರ್ಚಿ ಕೊಳ್ಳುವ ಶಕ್ತಿ ನನಗಿಲ್ಲ. ಅವರು ಪಾರ್ಕಿನ ಮುಖ ನೋಡಿ ಎರಡು ತಿಂಗಳಾಯಿತು. ಸತ್ತ ಕುರ್ಚಿಯನ್ನು ಕಿಟಕಿಯ ಹತ್ತಿರ ಹಾಕಿಸಿಕೊಂಡು ಅದರಲ್ಲೇ ಕೂತಿರುತ್ತಾರೆ. ಸೋಫಾ ಮೆತ್ತಗಿದೆ, ಇಲ್ಲಿ ಬನ್ನಿ ಎಂದರೆ, ಇರಲಿ ಬಿಡು ಎನ್ನುತ್ತಾರೆ. ಬಿಡಿಭಾಗ ಹೊರಗಿನಿಂದ ಬರಬೇಕು, ಅದಕ್ಕೇ ತಡ ಎಂದಿದ್ದೇನೆ. ನೀವು ಬರೆದುಕೊಟ್ಟ ವಾಕ್ಯ ಅವರಿಗೆ ಗೊತ್ತಿಲ್ಲ. ನಾನು ಹೇಳುವುದೂ ಇಲ್ಲ. ಅದು ನಿಮ್ಮ ಮೇಲಿನ ದಯೆಯಲ್ಲ.

ಈಗ ಕೆಲಸದ ಮಾತು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ, ಆದರೆ ವಿಚಾರಣೆ ಮುಗಿಯುವುದರೊಳಗೆ ತಪ್ಪು ಚೌಕವನ್ನು ತಿದ್ದಲು ಒಂದೇ ದಾರಿಯಿದೆಯಂತೆ. ಈ ತಿಂಗಳ ಹದಿಮೂರು, ಶುಕ್ರವಾರದೊಳಗೆ ಪ್ರಧಾನ ಕಾರ್ಡುದಾರರು ಶಾಖೆಗೆ ಖುದ್ದಾಗಿ ಹೋಗಿ, ಹಿಂದಿನ ಹೇಳಿಕೆಯನ್ನು ವಾಪಸು ಪಡೆದು, ಹೊಸದಕ್ಕೆ ಅಧಿಕಾರಿಯ ಎದುರು ಸಹಿ ಹಾಕಬೇಕು. ಫೋನಿನಲ್ಲಿ ಆಗುವುದಿಲ್ಲ, ಕಚೇರಿಯ ಹುಡುಗಿಯನ್ನು ಕಳಿಸಿದರೂ ಆಗುವುದಿಲ್ಲ. ಶಾಖೆಯ ಮುಂದೆ ಕಾರು ನಿಲ್ಲಿಸಲು ಬೇಕಾದಷ್ಟು ಜಾಗವಿದೆ, ನಾನು ಹೋಗಿ ನೋಡಿಕೊಂಡು ಬಂದಿದ್ದೇನೆ. ಏನು ಬರೆಯಬೇಕೆಂದು ತಲೆ ಕೆಡಿಸಿಕೊಳ್ಳುವ ತೊಂದರೆಯೂ ಬೇಡ. ಬರೆದಿದ್ದೇನೆ, ನಕಲು ಮಾಡಿ:

“ಈ ಗಾಲಿಕುರ್ಚಿಯನ್ನು ನನ್ನ ಒಪ್ಪಿಗೆಯಿಂದಲೇ ನನ್ನ ತಾಯಿಗೆ ಕೊಳ್ಳಲಾಗಿದೆ. ಹೊಸದೆಂದು ಹೇಳಿ ಹಳೆಯದನ್ನು ಕೊಟ್ಟಿದ್ದಾರೆ. ಅದು ಕೆಲಸ ಮಾಡುತ್ತಿಲ್ಲ. ಹಣ ವಾಪಸು ಬೇಕು.”

ಬಂದ ಹಣದಲ್ಲಿ ಮೊದಲೆರಡು ಪಾಲು ನನ್ನದು, ನನಗೆ ಕಳಿಸಿ. ಮೂರನೆಯದನ್ನು ನಾನಿನ್ನೂ ಕಟ್ಟಿಲ್ಲ, ಅದನ್ನು ನೀವೇ ಇಟ್ಟುಕೊಳ್ಳಿ. ಕ್ಷಮೆ ಕೇಳಬೇಡಿ, ನನಗೆ ಓದಲು ಬೇರೆ ಪುಸ್ತಕಗಳಿವೆ. ನೋಡ್ತೀನಿ ಎಂದು ಮಾತ್ರ ಬರೆಯಬೇಡಿ.

ಇತಿ,
ಕಾನೂನಿನ ಪ್ರಕಾರ ಇನ್ನೂ ನಿಮ್ಮ ಹೆಂಡತಿ

ಮತ್ತೆ, ಗುರುವಾರ ಬೆಳಗ್ಗೆ: ಇದನ್ನು ನಿನ್ನೆಯೇ ಅಂಚೆಗೆ ಹಾಕಬೇಕಿತ್ತು, ಹಾಕಲಿಲ್ಲ. ನಾನು ಇಲ್ಲಿ ಕೂತು ಬರೆಯುತ್ತಿದ್ದ ಹೊತ್ತಿನಲ್ಲೇ ಬ್ಯಾಂಕಿನಿಂದ ಮನೆಗೆ ಫೋನು ಬಂದಿತ್ತು. ನಿಮ್ಮ ಮೊಬೈಲು ಅವರಿಗೂ ಸಿಗಲಿಲ್ಲವಂತೆ, ಖಾತೆಯಲ್ಲಿ ಈ ಮನೆಯ ನಂಬರು ಇನ್ನೂ ಇದೆ. ಎತ್ತಿದವರು ನಿಮ್ಮ ತಾಯಿ. ಪ್ರಧಾನ ಕಾರ್ಡುದಾರರ ಹುಟ್ಟಿದ ದಿನಾಂಕ ಮತ್ತು ಅವರ ತಾಯಿಯ ಹೆಸರು ಹೇಳಿದರೆ ಮಾತ್ರ ವಿಷಯ ತಿಳಿಸಬಹುದು ಎಂದಳಂತೆ ಆ ಹುಡುಗಿ. ಹುಟ್ಟಿದ ಗಳಿಗೆ ಬೇಕಾದ್ರೂ ಹೇಳ್ತೀನಿ ಬರ್ಕೊಳ್ಳಮ್ಮ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಎಂದರಂತೆ ಇವರು. ಎರಡೂ ಉತ್ತರ ಸರಿಯಾದವು. ಅವಳು ನಿಮ್ಮ ಹೇಳಿಕೆಯನ್ನು ಪೂರ್ತಿ ಓದಿ ಹೇಳಿದಳು, ಹದಿಮೂರರೊಳಗೆ ಹೊಸ ಹೇಳಿಕೆ ಕೊಡಬಹುದು ಎಂದೂ ತಿಳಿಸಿದಳು.

ನಾನು ಮನೆಗೆ ಹೋದಾಗ ಅವರು ಕುರ್ಚಿಯಲ್ಲಿ ಕೂತು ಒಬ್ಬರೇ ಇಸ್ಪೀಟು ಹಾಕಿಕೊಂಡಿದ್ದರು. ನಾನು ಏನೇನೋ ತಡವರಿಸಿದೆ, ಬ್ಯಾಂಕಿನವರ ತಪ್ಪು ತಿಳುವಳಿಕೆ ಎಂದೆ. ಅವನು ಸುಳ್ಳೇನು ಹೇಳಿದ್ದಾನೆ, ಅವನು ಕೊಡಿಸಿದ್ದಲ್ವಲ್ಲ ಎಂದರು. ಎಲೆಗಳಿಂದ ಕಣ್ಣೆತ್ತಲಿಲ್ಲ. ಮೊದಲ ದಿನವೇ ಗೊತ್ತಾಯ್ತು ಬಿಡು, ಎಡಗೈ ಕಡೆ ಸ್ವಿಚ್ಚಿರೋ ಕುರ್ಚಿ ಹುಡುಕಿ ತಂದಿದ್ದೀಯ, ನಾನು ಎಡಗೈಯವಳು ಅನ್ನೋದು ಅವನಿಗೆಲ್ಲಿ ಗೊತ್ತು ಎಂದರು. ಪಾರ್ಕಿನಲ್ಲಿ ಅಷ್ಟು ಜೋರಾಗಿ ಹೇಳಿದ್ದು ಯಾಕೆ ಎಂದು ಕೇಳಿದೆ. ನೀನು ಅಷ್ಟು ಕಷ್ಟಪಟ್ಟು ಹೇಳಿದ ಸುಳ್ಳು, ಹಾಳಾಗಬಾರದಲ್ಲ ಎಂದರು.

ಆಮೇಲೆ ಈ ಪತ್ರ ಕೊಡು ಎಂದರು. ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು. ಫೋನಿಡುವ ಮುಂಚೆ ಅವರು ಆ ಹುಡುಗಿಯನ್ನು ಒಂದು ವಿಷಯ ಕೇಳಿದ್ದರಂತೆ. ಹೊಸ ಹೇಳಿಕೆಯಲ್ಲಿ ತಾಯಿಗೆ ಅಂತಲೇ ಬರೀಬೇಕಾ, ಪರಿಚಯದವರಿಗೆ ಅಂದ್ರೆ ನಡೆಯುತ್ತಾ ಎಂದು. ಯಾರಿಗೆ ಅನ್ನೋದು ಮುಖ್ಯ ಅಲ್ಲ ಅಜ್ಜಿ, ಒಪ್ಪಿಗೆ ಇತ್ತು ಅಂದ್ರೆ ಸಾಕು ಎಂದಳಂತೆ.

ನೀವು ನಕಲು ಮಾಡಬೇಕಾದ ವಾಕ್ಯದಲ್ಲಿ ‘ನನ್ನ ತಾಯಿಗೆ’ ಎಂಬ ಎರಡು ಪದಗಳ ಮೇಲೆ ಗೀಟು ಬಿದ್ದಿರುವುದನ್ನು, ಮೇಲೆ ‘ಪರಿಚಯದವರೊಬ್ಬರಿಗೆ’ ಎಂದು ತಿದ್ದಿರುವುದನ್ನು ನೋಡಿರುತ್ತೀರಿ. ಆ ಗೀಟು ನಾನು ಹಾಕಿದ್ದಲ್ಲ.